ಎಡಗಡೆ ಜೇಬಿನ ಐದು ಪೆಪ್ಪರ್‌ಮಿಂಟು

ಸೆಲ್ವಿನ್ ಓಲ್ಡ್‌ರಾಯ್ಡ್ ಮಾರ್ಚ್ ಏಳನೇ ತಾರೀಕು, ಗುರುವಾರ ಸಂಜೆ, ಥಾರ್ನ್‌ಬೆಕ್‌ನ ತನ್ನ ಮನೆಯಲ್ಲಿ ತೀರಿಕೊಂಡ. ಎಪ್ಪತ್ತೆರಡು ವರ್ಷವಾಗಿತ್ತು. ಹೃದಯ ನಿಂತಿತೆಂದು ಡಾಕ್ಟರು ಬರೆದರು. ಮರುದಿನ ಬೆಳಿಗ್ಗೆ ಹಾಲಿನ ಬಾಟಲಿ ಬಾಗಿಲ ಹೊರಗೇ ಇದ್ದದ್ದನ್ನು ನೋಡಿ ಪಕ್ಕದ ಮನೆಯ ಮಿಸೆಸ್ ಪಿಕರ್ಸ್‌ಗಿಲ್ ನನಗೆ ಫೋನ್ ಮಾಡಿದರು. ಅವನ ಮನೆಯ ಇನ್ನೊಂದು ಬೀಗದ ಕೈ ಇದ್ದದ್ದು ನನ್ನ ಹತ್ತಿರ. ಹೋಗಿ ನೋಡಿದರೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೋಟು ಬಿಚ್ಚದೆ, ಟೋಪಿ ತೆಗೆಯದೆ ಕೂತಿದ್ದ. ದೀಪ ಹಾಕಿರಲಿಲ್ಲ. ಕೆಟಲ್ ಒಣಗಿತ್ತು. ಒಳಗೆ ಬಂದ ಮೇಲೆ ಅವನು ಕೂತದ್ದು ಬಿಟ್ಟು ಬೇರೇನೂ ಮಾಡಿರಲಿಲ್ಲ.

ಮೂರು ಪತ್ರಿಕೆಗಳಲ್ಲಿ ಸುದ್ದಿ ಬಂತು. ಥಾರ್ನ್‌ಬೆಕ್ ರಗ್ಬಿ ತಂಡಕ್ಕೆ ಮುನ್ನೂರ ಹದಿನೆಂಟು ಪಂದ್ಯ ಆಡಿದವನು, ಹದಿನೈದು ವರ್ಷ ಟೀವಿಯಲ್ಲಿ ಆಟದ ವಿವರಣೆ ಹೇಳಿದವನು ಎಂದು ಮೂರರಲ್ಲೂ ಇತ್ತು. ಎರಡು ಪತ್ರಿಕೆಯವರು ತಲೆಬರಹದಲ್ಲೇ ‘ಏಳನೇ ಹಿಡಿತ’ ಎಂದು ಹಾಕಿದ್ದರು. ಅದು ತಪ್ಪು. ತಪ್ಪು ಅಂತ ಅವನೇ ಹೇಳಿದ್ದ, ಆದರೆ ಯಾರೂ ಬರೆದುಕೊಳ್ಳಲಿಲ್ಲ. ಅದಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ.

ನಾವಿಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು. ಶಾಲೆ ಮುಗಿದ ಮೇಲೆ ನಾನು ಊರಿನ ಗ್ರಂಥಾಲಯಕ್ಕೆ ಸೇರಿದೆ, ಅವನು ಹದಿನೈದನೇ ವಯಸ್ಸಿಗೆ ಕಲ್ಲಿದ್ದಲ ಗಣಿಗೆ ಇಳಿದ. ಅವನ ತಂದೆ ಎದೆಯಲ್ಲಿ ಧೂಳು ತುಂಬಿಕೊಂಡು ಸತ್ತಾಗ ತಮ್ಮ ಮಾಲ್ಕಮ್‌ಗೆ ಆರು ವರ್ಷ, ಸೆಲ್ವಿನ್‌ಗೆ ಹದಿನೆಂಟು. ಪಂದ್ಯದ ದಿನ ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈದಾನಕ್ಕೆ ನಡೆಯುತ್ತಿದ್ದ. ಗೇಟಿನ ಹತ್ತಿರ ಕೆಳಗಿಳಿಸಿ ಅಮ್ಮನ ಕೈಗೆ ಕೊಟ್ಟು, ತಾನು ಆಟಗಾರರ ಬಾಗಿಲಿಂದ ಒಳಗೆ ಹೋಗುತ್ತಿದ್ದ. ಹಿತ್ತಲಲ್ಲಿ ಅವನಿಗೆ ಚೆಂಡು ಹಿಡಿಯುವುದನ್ನು ಕಲಿಸಿದವನೂ ಇವನೇ. ಕೈಯಿಂದ ಹಿಡಿಯಬೇಡ, ಎದೆಯಿಂದ ಹಿಡಿ, ಒದ್ದೆಯಾದ ಬೆಕ್ಕು ಹಿಡಿದ ಹಾಗೆ ಹಿಡಿ, ಬಿಟ್ಟರೆ ಪರಚುತ್ತೆ ಎನ್ನುತ್ತಿದ್ದ.

ಹಣ ಪಡೆದು ಆಡುವವನಾದರೂ ಆ ಕಾಲದಲ್ಲಿ ಶನಿವಾರ ಆಟ, ಸೋಮವಾರ ಗಣಿ. ಸೆಲ್ವಿನ್ ಮುಂದಿನ ಸಾಲಿನವನು. ಮುಂದಿನ ಸಾಲಿನವರ ಕೆಲಸ ಚೆಂಡು ಎತ್ತಿಕೊಂಡು ಎದುರಿನವರ ಗೋಡೆಗೆ ಹೋಗಿ ಬೀಳುವುದು, ಎದ್ದು ಮತ್ತೆ ಬೀಳುವುದು. ಮೂಗು ಐದು ಸಲ ಮುರಿದಿತ್ತು. ಕಿವಿಗಳು ಒಣಗಿದ ಅಣಬೆಯ ಹಾಗಿದ್ದವು. ಹದಿನಾಲ್ಕು ವರ್ಷ ಹೀಗೆ ಆಡಿ, ಮಂಡಿ ಕೈಕೊಟ್ಟ ಮೇಲೆ ನಿಲ್ಲಿಸಿದ.

ಟೀವಿ ಅವನನ್ನು ಹುಡುಕಿಕೊಂಡು ಬಂದದ್ದು ಎಂಬತ್ತೊಂದನೇ ಇಸವಿಯಲ್ಲಿ. ಥಾರ್ನ್‌ಬೆಕ್ ಹೀನಾಯವಾಗಿ ಸೋತ ಒಂದು ಮಧ್ಯಾಹ್ನ ವರದಿಗಾರನೊಬ್ಬ ಮೈಕು ಹಿಡಿದು, ಏನಾಯಿತು ಎಂದು ಇವನನ್ನು ಕೇಳಿದ. ಏನಾಯಿತೆಂದು ಇವನು ನಾಲ್ಕು ವಾಕ್ಯದಲ್ಲಿ ಹೇಳಿದ. ಯಾರನ್ನೂ ಬೈಯಲಿಲ್ಲ, ಯಾರನ್ನೂ ಬಿಡಲೂ ಇಲ್ಲ. ಮುಂದಿನ ತಿಂಗಳು ಅವನಿಗೆ ಒಂದು ನೀಲಿ ಕೋಟು ಕೊಟ್ಟು ಮೈಕಿನ ಮುಂದೆ ಕೂರಿಸಿದರು. ಮುಖಕ್ಕೆ ಪೌಡರ್ ಹಚ್ಚುವ ಹುಡುಗಿ ಮೊದಲ ದಿನ ಅವನ ಮೂಗು ನೋಡಿ, ಎಲ್ಲಿಂದ ಶುರು ಮಾಡಲಿ ಎಂದಳಂತೆ. ಉಳಿದದ್ದರಿಂದ ಶುರು ಮಾಡಮ್ಮ ಎಂದನಂತೆ.

ಚೆಂಡು ಹೊತ್ತವನನ್ನು ಎದುರಿನವರು ಹಿಡಿದು ಬೀಳಿಸಿದರೆ ಅದೊಂದು ಹಿಡಿತ. ಈ ಆಟದಲ್ಲಿ ಆರು ಹಿಡಿತದವರೆಗೆ ಚೆಂಡು ಒಂದು ತಂಡದ್ದು. ಆರನೇ ಸಲ ಹಿಡಿದು ಬೀಳಿಸಿದರೆ ಅದು ಎದುರಿನವರಿಗೆ ಹೋಗಬೇಕು. ಎಣಿಕೆ ರೆಫರಿಯದ್ದು. ಆದರೆ ಸೆಲ್ವಿನ್ ತಾನೂ ಎಣಿಸುತ್ತಿದ್ದ. ಕಾಗದ ಸುತ್ತಿದ ಆರು ಪೆಪ್ಪರ್‌ಮಿಂಟು ಎಡಗಡೆ ಜೇಬಿನಲ್ಲಿರುತ್ತಿದ್ದವು. ಒಂದೊಂದು ಹಿಡಿತಕ್ಕೆ ಒಂದೊಂದು ಬಲಗಡೆ ಜೇಬಿಗೆ. ಬಾಯಿ ಬೇರೇನೋ ಹೇಳುತ್ತಿದ್ದರೂ ಕೈ ತನ್ನ ಪಾಡಿಗೆ ಈ ಕೆಲಸ ಮಾಡುತ್ತಿತ್ತು. ಎಡಗಡೆ ಜೇಬು ಖಾಲಿಯಾದರೆ ಚೆಂಡು ಕೈಬಿಟ್ಟಿತು ಎಂದರ್ಥ. ಹಳೆಯ ರೆಫರಿಯೊಬ್ಬನಿಂದ ಕಲಿತದ್ದು ಅದು. ಆ ರೆಫರಿ ಬೆಣಚುಕಲ್ಲು ಇಟ್ಟುಕೊಳ್ಳುತ್ತಿದ್ದ. ಕಲ್ಲು ಆಟ ಮುಗಿದ ಮೇಲೆ ತಿನ್ನೋಕಾಗಲ್ಲ ಎಂದು ಸೆಲ್ವಿನ್ ಇದನ್ನು ಬದಲಾಯಿಸಿದ.

ಎಂಬತ್ತೊಂಬತ್ತರ ವಸಂತದಲ್ಲಿ ಥಾರ್ನ್‌ಬೆಕ್ ಕಪ್ ಫೈನಲ್‌ಗೆ ಬಂತು. ಐವತ್ತಮೂರು ವರ್ಷದಿಂದ ಊರು ಒಂದು ಕಪ್ಪನ್ನೂ ನೋಡಿರಲಿಲ್ಲ. ಗಣಿ ಮುಚ್ಚಿ ಎರಡು ವರ್ಷವಾಗಿತ್ತು, ಊರಿನಲ್ಲಿ ಉಳಿದದ್ದು ಅದೊಂದೇ. ಮಾಲ್ಕಮ್ ತಂಡದಲ್ಲಿದ್ದ. ಐದನೇ ನಂಬರಿನವನು, ಗೆರೆಯ ಅಂಚಿನಲ್ಲಿ ಓಡುವವನು, ಆಗ ಮೂವತ್ತೊಂದು. ತಮ್ಮ ಆಡುವ ಪಂದ್ಯಕ್ಕೆ ಅಣ್ಣ ವಿವರಣೆ ಹೇಳುವುದು ಸರಿಯೇ ಎಂದು ಟೀವಿಯವರು ಕೇಳಿದರು. ಮೈಕಿನ ಮುಂದೆ ನನಗೆ ತಮ್ಮನಿಲ್ಲ ಎಂದ. ಇಡೀ ಆಟದಲ್ಲಿ ಒಂದು ಸಲವೂ ಮಾಲ್ಕಮ್ ಎನ್ನಲಿಲ್ಲ, ಓಲ್ಡ್‌ರಾಯ್ಡ್ ಎಂದೇ ಹೇಳಿದ. ಬೇರೆಯವರು ಚೆಂಡು ಬಿಟ್ಟಾಗ ದುರದೃಷ್ಟ ಎಂದವನು ತಮ್ಮ ಬಿಟ್ಟಾಗ ಅಜಾಗರೂಕತೆ ಎಂದ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಟೀವಿ ನೋಡುತ್ತಿದ್ದ ನಮಗೆ ಅದು ಆಗಲೇ ಚುಚ್ಚಿತ್ತು.

ಇನ್ನು ಎರಡು ನಿಮಿಷ ಇದ್ದಾಗ ಎದುರಾಳಿ ಮಾರ್ಸ್‌ಗೇಟ್ ಹದಿನಾಲ್ಕು, ನಾವು ಹನ್ನೆರಡು. ಚೆಂಡು ನಮ್ಮದು. ಬಿದ್ದರು, ಎದ್ದರು, ಮತ್ತೆ ಬಿದ್ದರು. ಕೊನೆಗೆ ಚೆಂಡು ಎಡಗಡೆ ಅಂಚಿಗೆ ಬಂತು. ಮಾಲ್ಕಮ್ ಇಬ್ಬರನ್ನು ತಪ್ಪಿಸಿ, ಮೂರನೆಯವನನ್ನು ಹೊತ್ತುಕೊಂಡೇ ಮೂಲೆಯಲ್ಲಿ ಚೆಂಡನ್ನು ನೆಲಕ್ಕೆ ಒತ್ತಿದ. ರೆಫರಿ ಟ್ರೈ ಎಂದು ಕೈ ತೋರಿಸಿದ, ನಾಲ್ಕು ಅಂಕ. ನಮ್ಮ ಕೋಣೆಯಲ್ಲಿ ಜನ ಮೇಜು ಹತ್ತಿದ್ದರು. ಆ ಗದ್ದಲದ ನಡುವೆ ಸೆಲ್ವಿನ್ ಮಾತು ಕೇಳಿಸಿತು. ದನಿಯಲ್ಲಿ ಏರಿಳಿತವೇ ಇರಲಿಲ್ಲ.

“ನನ್ನ ಎಡಗಡೆ ಜೇಬು ಖಾಲಿಯಾಗಿ ಆಗಲೇ ಒಂದು ಗಳಿಗೆ ಆಯಿತು. ಆರಾಗಿ ಹೋಗಿತ್ತು, ಚೆಂಡು ಥಾರ್ನ್‌ಬೆಕ್‌ನದ್ದಲ್ಲ. ನನ್ನೂರಿನವರು ಕ್ಷಮಿಸಬೇಕು, ಈ ಟ್ರೈ ನಿಲ್ಲಬಾರದಿತ್ತು.”

ಟೀವಿಯ ಮಾತು ರೆಫರಿಗೆ ಕೇಳಿಸುವುದಿಲ್ಲ. ಟ್ರೈ ನಿಂತಿತು, ಕಪ್ ಬಂತು. ಮೇಲ್ಚಾವಣಿ ಇಲ್ಲದ ಬಸ್ಸಿನಲ್ಲಿ ಅದನ್ನು ಊರೆಲ್ಲ ಮೆರೆಸಿದರು. ಆದರೆ ಅಷ್ಟು ಹೊತ್ತಿಗೆ ದೇಶವೇ ಆ ಮಾತನ್ನು ಕೇಳಿಯಾಗಿತ್ತು. ಮುಂದಿನ ಋತುವಿನಲ್ಲಿ ನಾವು ಎಲ್ಲಿ ಆಡಲು ಹೋದರೂ, ಚೆಂಡು ನಮ್ಮ ಕೈಗೆ ಬಂದ ಕೂಡಲೇ ಎದುರಿನ ಜನ ಒಟ್ಟಿಗೆ ಎಣಿಸುತ್ತಿದ್ದರು. ಒಂದು, ಎರಡು, ಮೂರು. ಏಳಕ್ಕೆ ಬಂದಾಗ ಸಾವಿರಾರು ಕಂಠ. ಮಾಲ್ಕಮ್ ಮಾಂಸದಂಗಡಿಗೆ ಹೋದರೆ ಪಕ್ಕದೂರಿನ ಹುಡುಗರು ಅವನ ಹೆಜ್ಜೆ ಎಣಿಸುತ್ತಿದ್ದರು. ಅವನ ಹೆಸರೇ ಏಳು ಎಂದಾಯಿತು. ವರ್ಷ ತುಂಬುವ ಮೊದಲೇ ಆಟ ಬಿಟ್ಟ. ಅಂಚಿನಲ್ಲಿ ಓಡಿ ಓಡಿ ಅವನು ಗಳಿಸಿದ್ದು ಅದೊಂದು ಕ್ಷಣ. ಅದನ್ನು ಕಿತ್ತುಕೊಂಡವನು ಸ್ವಂತ ಅಣ್ಣ.

ಮಾತು ಬಿಡುವ ಮುನ್ನ ಅವರ ಅಮ್ಮನ ಮನೆಯ ಅಡುಗೆಮನೆಯಲ್ಲಿ ಇಬ್ಬರೂ ಕೊನೆಯ ಸಲ ಎದುರಾದಾಗ ನಾನೂ ಅಲ್ಲಿದ್ದೆ. ಭಾನುವಾರ, ಹುರಿದ ಮಾಂಸದ ವಾಸನೆ, ಅಮ್ಮ ಬೆನ್ನು ಹಾಕಿ ಆಲೂಗೆಡ್ಡೆ ಹಿಸುಕುತ್ತಿದ್ದರು.

“ನೀನು ಯಾರಿಗೋಸ್ಕರ ಎಣಿಸ್ತಿದ್ದೆ?” ಎಂದ ಮಾಲ್ಕಮ್.

“ಯಾರಿಗೋಸ್ಕರಾನೂ ಅಲ್ಲ ಕಣೋ. ಆರು ಅಂದ್ರೆ ಆರು.”

“ರೆಫರಿಗಿಲ್ಲದ ಉರಿ ನಿನಗ್ಯಾಕಿತ್ತು? ಇನ್ನು ನಿನ್ನ ಹತ್ತಿರ ಮಾತಿಲ್ಲ.” ಅಷ್ಟು ಹೇಳಿ ಮಾಲ್ಕಮ್ ಊಟ ಮಾಡದೆ ಹೊರಟುಹೋದ. ಹೇಳಿದಂತೆ ನಡೆದುಕೊಂಡ.

ಊರೂ ಅದನ್ನೇ ಮಾಡಿತು. ಮಾತು ಬಿಡುವುದು ಥಾರ್ನ್‌ಬೆಕ್‌ಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆ. ಐದು ವರ್ಷದ ಹಿಂದೆ, ಗಣಿ ಮುಷ್ಕರ ಮುರಿದು ಕೆಲಸಕ್ಕೆ ಹೋದ ನಾಲ್ಕು ಜನರ ಮೇಲೆ ಅದನ್ನು ಪ್ರಯೋಗಿಸಿ ಪಳಗಿತ್ತು. ಬೈಗುಳವಿಲ್ಲ, ಕಲ್ಲಿಲ್ಲ. ನೀವು ಬಂದರೆ ಎಲ್ಲರ ಬೆನ್ನು ಕಾಣುತ್ತದೆ, ಅಷ್ಟೇ. ಮುಷ್ಕರದ ವರ್ಷ ಟೀವಿಯ ಸಂಬಳದಲ್ಲಿ ಗಣಿಯವರಿಗೆ ಉಚಿತ ಸೂಪು ಹಂಚುವ ಅಡುಗೆಮನೆಗೆ ಚೀಲಗಟ್ಟಲೆ ತರಕಾರಿ ಹೊತ್ತು ತಂದವನು ಇದೇ ಸೆಲ್ವಿನ್. ಅದನ್ನು ಯಾರೂ ನೆನೆಯಲಿಲ್ಲ. ಕಾರ್ಮಿಕರ ಕ್ಲಬ್ಬಿನಲ್ಲಿ ಅವನು ಡಾಮಿನೋ ಬಿಲ್ಲೆಯಾಟದ ಮೇಜಿಗೆ ಬಂದು ಕೂತರೆ ಉಳಿದ ಮೂವರು ತಮ್ಮ ತಮ್ಮ ಗ್ಲಾಸು ಎತ್ತಿಕೊಂಡು ಏಳುತ್ತಿದ್ದರು. ಆ ಮೂವರಲ್ಲಿ ನಾನೂ ಒಬ್ಬ, ಎರಡು ಸಲ. ಮೂರನೇ ಸಲ ಏಳಲಿಲ್ಲ. ಅದರ ಬಗ್ಗೆ ಅವನು ಎಂದೂ ಮಾತೆತ್ತಲಿಲ್ಲ. ಡಬಲ್ ಆರು ನಿನ್ನ ಹತ್ತಿರ ಇದೆಯಾ ಎಂದು ಮಾತ್ರ ಕೇಳಿದ.

ಊರು ಬಿಟ್ಟು ಹೋಗಬಹುದಿತ್ತು. ವಾರದ ಕೊನೆಗೆ ರೈಲು ಹತ್ತಿ ಯಾವುದೋ ಊರಿಗೆ ಹೋದರೆ ಅಲ್ಲಿ ಜನ ಕೈಕುಲುಕುತ್ತಿದ್ದರು, ಹಸ್ತಾಕ್ಷರ ಕೇಳುತ್ತಿದ್ದರು. ಹತ್ತು ಲಕ್ಷ ಜನ ಕೇಳುವ ದನಿ ಎಂದು ಟೀವಿಯವರು ಹೇಳುತ್ತಿದ್ದರು. ಭಾನುವಾರ ಸಂಜೆ ಥಾರ್ನ್‌ಬೆಕ್ ನಿಲ್ದಾಣದಲ್ಲಿ ಇಳಿದು ಮನೆಗೆ ನಡೆಯುವಾಗ ಆ ದನಿಗೆ ಕೆಲಸವಿರುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಡೋರೀನ್ ಇದ್ದಳು. ಮಕ್ಕಳಿರಲಿಲ್ಲ. ತೊಂಬತ್ತಾರರಲ್ಲಿ ಹೊಸ ಚಾನೆಲ್, ಹೊಸ ಹುಡುಗರು ಬಂದರು. ಒಂದು ಸ್ಯಾಂಡ್‌ವಿಚ್ಚಿನ ಊಟದಲ್ಲಿ ಅವನಿಗೆ ವಿದಾಯ ಹೇಳಿದರು. ನೀಲಿ ಕೋಟನ್ನು ಬೀರುವಿನಲ್ಲಿ ತೂಗುಹಾಕಿ ಮನೆಯಲ್ಲಿ ಕೂತ. ಏಳು ವರ್ಷದ ಮೇಲೆ ಡೋರೀನ್ ತೀರಿಹೋದಳು.

ಅದಾದ ಚಳಿಗಾಲದಲ್ಲಿ ಮಿಸೆಸ್ ಪಿಕರ್ಸ್‌ಗಿಲ್ ಗ್ರಂಥಾಲಯಕ್ಕೆ ಬಂದಾಗ, ಸೆಲ್ವಿನ್ ಮನೆಗೆ ಈಗೀಗ ತುಂಬಾ ಜನ ಬರ್ತಾರೆ, ಗೋಡೆಯಾಚೆಯಿಂದ ಮಾತು ಕೇಳಿಸುತ್ತೆ, ಪಾಪ ಒಳ್ಳೇದೇ ಆಯ್ತು ಎಂದರು. ನಾನು ಹೋಗಿ ನೋಡಿದೆ. ಯಾರೂ ಇರಲಿಲ್ಲ. ಟೀವಿಯ ದನಿ ಪೂರ್ತಿ ತಗ್ಗಿಸಿ, ಎದುರಿನ ಖಾಲಿ ಕುರ್ಚಿಗೆ ಆಟ ವಿವರಿಸುತ್ತಿದ್ದ. ನನ್ನನ್ನು ಕಂಡು ನಿಲ್ಲಿಸಲಿಲ್ಲ. ಕೈ ಜೇಬಿನಲ್ಲಿತ್ತು.

ಎರಡು ಸಾವಿರದ ಹದಿನಾರರಲ್ಲಿ ಮೈದಾನದ ಹಳೆಯ ಮರದ ಕಟ್ಟಡ ಕೆಡವಿದರು. ಅಲ್ಲಿದ್ದ ಕಾಗದ, ಫೋಟೋಗಳನ್ನು ಗ್ರಂಥಾಲಯಕ್ಕೆ ಕಳಿಸಿದರು. ನಾನು ನಿವೃತ್ತನಾಗಿದ್ದರೂ ವಿಂಗಡಿಸಲು ಕರೆದಿದ್ದರು. ಒಂದು ಪೆಟ್ಟಿಗೆಯಲ್ಲಿ ಕೋಚಿಗೆಂದು ಕ್ಲಬ್ಬಿನವರೇ ತೆಗೆದ ವೀಡಿಯೋ ಟೇಪುಗಳಿದ್ದವು. ಫೈನಲ್‌ನದ್ದೂ ಇತ್ತು. ಟೀವಿಯ ಕ್ಯಾಮೆರಾ ಮತ್ತು ಸೆಲ್ವಿನ್ ಕೂತ ಪೆಟ್ಟಿಗೆಯಂಥ ಕೋಣೆ ಇದ್ದದ್ದು ಪಶ್ಚಿಮದ ಕಡೆ. ಕ್ಲಬ್ಬಿನವನು ತೆಗೆದದ್ದು ಪೂರ್ವದ ಕಡೆಯಿಂದ. ಸೆಲ್ವಿನ್‌ಗೆ ಫೋನ್ ಮಾಡಿ ಕರೆಯಬೇಕೋ ಬೇಡವೋ ಎಂದು ಒಂದು ವಾರ ಯೋಚಿಸಿದೆ. ಕೊನೆಗೆ ಕರೆದೆ.

ಮಂಗಳವಾರ ಮಧ್ಯಾಹ್ನ ಇಬ್ಬರೂ ಕೂತು ನೋಡಿದೆವು. ಕೊನೆಯ ಎರಡು ನಿಮಿಷ. ಮೂರನೇ ಹಿಡಿತದ ನಂತರ ನಮ್ಮವರು ಉದ್ದಕ್ಕೆ ಒಂದು ಪಾಸ್ ಎಸೆದರು. ಮಾರ್ಸ್‌ಗೇಟ್‌ನವನೊಬ್ಬ ಅದನ್ನು ಹಿಡಿಯಲು ಕೈ ಚಾಚಿದ. ಚೆಂಡು ಅವನ ಬೆರಳಿಗೆ ತಾಗಿ ಮುಂದೆ ಬಂತು, ನಮ್ಮವನು ಹಿಡಿದ. ಪಶ್ಚಿಮದಿಂದ ನೋಡಿದವರಿಗೆ ಕೈ ಚಾಚಿದವನ ಬೆನ್ನು ಮಾತ್ರ ಕಂಡಿರಬೇಕು. ಎದುರಾಳಿ ಚೆಂಡಿಗೆ ಕೈ ಹಾಕಿ ಮುಟ್ಟಿದರೆ ಎಣಿಕೆ ಮತ್ತೆ ಮೊದಲಿಂದ. ಟೇಪಿನಲ್ಲಿ ರೆಫರಿ ತಲೆಯ ಮೇಲೆ ಕೈ ಬೀಸಿ ಅದನ್ನೇ ಹೇಳುತ್ತಿದ್ದ. ಟೀವಿಯ ಕ್ಯಾಮೆರಾ ಆಗ ಚೆಂಡಿನ ಹಿಂದೆ ಹೋಗಿತ್ತು.

ಸೆಲ್ವಿನ್ ನಾಲ್ಕು ಸಲ ನೋಡಿದ. ನಾಲ್ಕನೆಯ ಸಲ ಕಣ್ಣು ಮುಚ್ಚಿಕೊಂಡು ಕೂತಿದ್ದ.

“ರೆಫರಿ ಸರಿ. ನನ್ನ ಕೈ ಆರಕ್ಕೆ ಬಂದಾಗ ಅವನದ್ದು ಮೂರು.” ಆಮೇಲೆ ಕಣ್ಣು ತೆರೆದು, “ಬೇರೆ ಯಾವ ಊರಾಗಿದ್ರೂ ಒಂದು ಮಾತು ಅಂತಿದ್ದೆ. ಏನೋ ತಾಗಿರಬೇಕು, ರೆಫರಿ ಹತ್ತಿರದಲ್ಲಿದ್ದಾನೆ, ಅವನಿಗೆ ಗೊತ್ತು ಅಂತಿದ್ದೆ. ನಮ್ಮೂರು ಅಂತ ಅನ್ನಲಿಲ್ಲ. ನಮ್ಮ ಮಾಲ್ಕಮ್ ಅಂತ ಅನ್ನಲಿಲ್ಲ.”

ಅಲ್ಲಿಂದ ನೇರವಾಗಿ ತಮ್ಮನ ಮನೆಗೆ ಹೊರಟ. ಟೇಪು ಕಂಕುಳಲ್ಲಿ. ಇಪ್ಪತ್ತೇಳು ವರ್ಷದಿಂದ ತಟ್ಟದ ಬಾಗಿಲು. ಮಾಲ್ಕಮ್‌ನ ಹೆಂಡತಿ ಗ್ಲೆನಿಸ್ ತೆಗೆದಳು. ಸೆಲ್ವಿನ್ ಬಂದ ಕೆಲಸ ಹೇಳಿದ. ಅವಳು ಬಾಗಿಲಿಗೆ ಒರಗಿ ಪೂರ್ತಿ ಕೇಳಿಸಿಕೊಂಡಳು.

“ತಡ ಮಾಡಿದೆ ಸೆಲ್ವಿನ್. ಒಳಗೇ ಇದ್ದಾನೆ. ಇವತ್ತು ಬೆಳಿಗ್ಗೆ ನಾನು ಯಾರು ಅಂತ ಕೇಳಿದ.”

ಆಟದಲ್ಲಿ ತಲೆಗೆ ಬಿದ್ದ ಪೆಟ್ಟುಗಳಿಂದ ಬಂದ ಮರೆವು ಎಂದು ಡಾಕ್ಟರು ಹೇಳಿದ್ದರು. ಊರಿನಲ್ಲಿ ಅಂಥವರು ಇನ್ನೂ ಮೂವರಿದ್ದರು. ಮರುವರ್ಷ ಮಾಲ್ಕಮ್‌ನನ್ನು ಬೆಟ್ಟದ ಬುಡದ ಆರೈಕೆ ಮನೆಗೆ ಸೇರಿಸಿದರು.

ಕ್ಲಬ್ಬಿನ ವಾರ್ಷಿಕ ಸಭೆಯಲ್ಲಿ ಸೆಲ್ವಿನ್ ಎದ್ದು ನಿಂತು ತನ್ನ ಎಣಿಕೆ ತಪ್ಪಾಗಿತ್ತು, ಕಪ್ ನ್ಯಾಯವಾಗಿ ಬಂದದ್ದು ಎಂದು ಹೇಳಿದ. ಬೆನ್ನು ತಿರುಗಿಸಿದವರಲ್ಲಿ ಹೆಚ್ಚಿನವರು ಆಗಲೇ ಸ್ಮಶಾನದಲ್ಲಿದ್ದರು. ಉಳಿದವರಲ್ಲಿ ಹಿರಿಯನಾದ ವಿಲ್ಫ್ರೆಡ್ ಗಾಂಟ್ ಕಾಲಿನಿಂದ ಒಂದು ಸ್ಟೂಲನ್ನು ಅವನ ಕಡೆಗೆ ತಳ್ಳಿದ. “ನಮಗಿದು ಮೊದಲೇ ಗೊತ್ತಿತ್ತು ಬಿಡು. ಕೂತ್ಕೋ. ಆದರೆ ಡಾಮಿನೋ ಲೆಕ್ಕ ಬೇರೆಯವರು ಇಡ್ತಾರೆ.” ಎಲ್ಲರೂ ನಕ್ಕರು, ಸೆಲ್ವಿನ್ ಕೂಡ. ಆದರೆ ಆ ಸ್ಟೂಲಿನ ಮೇಲೆ ಅವನು ಕೂತದ್ದು ನಾಲ್ಕೋ ಐದೋ ಸಲ. ಆ ಮಾತು ಸಲ್ಲಬೇಕಾದವನು ಕ್ಲಬ್ಬಿನಲ್ಲಿರಲಿಲ್ಲ.

ಮಾಲ್ಕಮ್ ಆರೈಕೆ ಮನೆ ಸೇರಿದಾಗಿನಿಂದ ಪ್ರತಿ ಗುರುವಾರ ಮಧ್ಯಾಹ್ನ ನನ್ನ ಕಾರಿನಲ್ಲಿ ಅಲ್ಲಿಗೆ ಹೋಗುತ್ತಿದ್ದೆವು. ಹಳೆಯ ವೀಡಿಯೋ ಯಂತ್ರ, ಟೇಪು, ಆರು ಪೆಪ್ಪರ್‌ಮಿಂಟು. ಸೆಲ್ವಿನ್ ನೀಲಿ ಕೋಟು ಹಾಕಿಕೊಂಡು ಬರುತ್ತಿದ್ದ. ಕೊನೆಯ ಹತ್ತು ನಿಮಿಷದ ಆಟವನ್ನು ದನಿಯಿಲ್ಲದೆ ಹಾಕಿ, ತಮ್ಮನ ಪಕ್ಕ ಕೂತು ಹೊಸದಾಗಿ ವಿವರಣೆ ಹೇಳುತ್ತಿದ್ದ. ಹಿಡಿತಕ್ಕೊಂದರಂತೆ ಮಿಠಾಯಿ ಎಡದಿಂದ ಬಲಕ್ಕೆ. ಬೆರಳು ತಾಗಿದಾಗ ಮೂರನ್ನೂ ಬಲದಿಂದ ಎಡಕ್ಕೆ ವಾಪಸು. ಆಮೇಲೆ ಮತ್ತೆ ಒಂದು, ಎರಡು, ಮೂರು, ಮಾಲ್ಕಮ್, ಟ್ರೈ. ಈಗ ಅವನು ಓಲ್ಡ್‌ರಾಯ್ಡ್ ಎನ್ನುತ್ತಿರಲಿಲ್ಲ.

ಮಾಲ್ಕಮ್‌ಗೆ ಪ್ರತಿ ಗುರುವಾರವೂ ಅದು ಹೊಸ ಆಟ. ಕೆಲವು ವಾರ ಕಿಟಕಿಯ ಕಡೆಗೇ ನೋಡುತ್ತಿದ್ದ. ಅಣ್ಣನ ಗುರುತು ಅವನಿಗೆ ಒಂದು ದಿನವೂ ಸಿಗಲಿಲ್ಲ. ಆದರೆ ದನಿ ಸಿಗುತ್ತಿತ್ತು.

“ನೀನು ಟೀವಿಯಲ್ಲಿ ಬರ್ತೀಯಲ್ವಾ?” ಎಂದು ಒಂದು ಸಲ ಕೇಳಿದ. “ನಮ್ಮ ಸೆಲ್ವಿನ್ನೂ ಟೀವಿಯಲ್ಲಿ ಬರ್ತಾನೆ. ನಮಗೆ ಮಾತಿಲ್ಲ.”

“ಯಾಕೆ?”

“ನೆನಪಿಲ್ಲ.”

“ಅವನು ತಪ್ಪು ಎಣಿಸಿದ,” ಎಂದ ಸೆಲ್ವಿನ್.

“ಓ,” ಎಂದ ಮಾಲ್ಕಮ್.

ನಾನೇ ಅವನು ಎಂದು ಯಾಕೆ ಹೇಳಲಿಲ್ಲವೆಂದು ವಾಪಸು ಬರುವಾಗ ಕೇಳಿದೆ. ಹೇಳಿದ್ರೆ ಮತ್ತೆ ಮಾತು ಬಿಡ್ತಾನೆ, ಈಗ ವಾರಕ್ಕೊಂದು ಸಲವಾದ್ರೂ ಮಾತಾಡ್ತಾನಲ್ಲ ಎಂದ.

ಮಾರ್ಚ್ ಏಳರಂದು ಯಂತ್ರ ಕೈಕೊಟ್ಟಿತು. ಆಟ ಶುರುವಾಗಿ ಎರಡು ನಿಮಿಷಕ್ಕೆ ಕರಕರ ಸದ್ದು ಮಾಡಿ ಟೇಪನ್ನು ಒಳಗೆ ಎಳೆದುಕೊಂಡಿತು. ಆರೈಕೆಯ ಹುಡುಗಿ ತೆಂಡಾಯ್ ಚಮಚದ ತುದಿಯಿಂದ ಎಬ್ಬಿದಳು. ಕಪ್ಪು ರಿಬ್ಬನ್ನು ಸುಕ್ಕಾಗಿ, ತುಂಡಾಗಿ ಹೊರಗೆ ಬಂತು. ಬೇರೆ ಪ್ರತಿ ಇರಲಿಲ್ಲ. ಮಾಡಿಸಿಡಬೇಕು ಎಂದು ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದದ್ದು ನಾನು. ಪರದೆ ಬರೀ ನೀಲಿಯಾಗಿತ್ತು. ಇವತ್ತಿಗೆ ಸಾಕು ಎಂದೆ. ಸೆಲ್ವಿನ್ ಕುರ್ಚಿಯನ್ನು ತಮ್ಮನ ಹತ್ತಿರಕ್ಕೆ ಎಳೆದುಕೊಂಡ, ನೀಲಿ ಪರದೆಗೆ ಮುಖ ಮಾಡಿ ಶುರು ಮಾಡಿದ. ಯಾವ ಮಾತೂ ಬಿಡಲಿಲ್ಲ. ಹವಾಮಾನ, ಕೆಸರು, ಯಾರ ಮಂಡಿಗೆ ಪಟ್ಟಿ ಕಟ್ಟಿದೆ, ಎಲ್ಲ ಬಂತು. ಮಾಲ್ಕಮ್ ಅವತ್ತು ಕಿಟಕಿ ನೋಡಲಿಲ್ಲ. ಏನೂ ಇಲ್ಲದ ಪರದೆಯನ್ನೇ ನೋಡುತ್ತಿದ್ದ.

“ಬೆರಳು ತಾಗಿತು. ರೆಫರಿ ಕೈ ಬೀಸಿದ. ಎಣಿಕೆ ಮೊದಲಿಂದ,” ಎಂದು ಸೆಲ್ವಿನ್ ಮಿಠಾಯಿಗಳನ್ನು ಎಡಕ್ಕೆ ಹಾಕಿದ. ಆಮೇಲೆ ಒಂದು. ಎರಡು. ಮೂರು. ಮೂಲೆಯಲ್ಲಿ ಚೆಂಡು ನೆಲ ಮುಟ್ಟಿತು. “ಟ್ರೈ. ನ್ಯಾಯವಾದ ಟ್ರೈ.”

“ಯಾರು ಹಾಕಿದ್ದು?” ಎಂದ ಮಾಲ್ಕಮ್.

“ಮಾಲ್ಕಮ್ ಓಲ್ಡ್‌ರಾಯ್ಡ್.”

“ಒಳ್ಳೆ ಆಟಗಾರನಾ?”

“ಯಾರಿಗೂ ಪಾಸ್ ಕೊಡ್ತಿರಲಿಲ್ಲ. ಹೇಳಿದ ಮಾತು ಕೇಳ್ತಿರಲಿಲ್ಲ,” ಎಂದ ಸೆಲ್ವಿನ್. “ಒಳ್ಳೆ ಆಟಗಾರ.”

ಮಾಲ್ಕಮ್ ತಲೆಯಾಡಿಸಿದ, ತನಗೂ ಹಾಗೇ ಅನ್ನಿಸಿತ್ತು ಎಂಬ ಹಾಗೆ. ಸೆಲ್ವಿನ್ ಒಂದು ಪೆಪ್ಪರ್‌ಮಿಂಟಿನ ಕಾಗದ ಬಿಚ್ಚಿ ಅವನ ಬಾಯಿಗಿಟ್ಟ. ಪ್ರತಿ ವಾರದ ಪದ್ಧತಿ ಅದು. ಮಾಲ್ಕಮ್‌ಗೆ ಬೆರಳಿನಲ್ಲಿ ಕಾಗದ ಬಿಚ್ಚಲು ಬರುತ್ತಿರಲಿಲ್ಲ.

ಕಾರು ಹತ್ತಿದೆವು. ಮುಂದಿನ ವಾರ ಯಂತ್ರ ಬೇಡ, ಭಾರ ಸುಮ್ಮನೆ ಎಂದ, ಅಷ್ಟೇ. ನಾಲ್ಕೂವರೆಗೆ ಅವನ ಗೇಟಿನ ಮುಂದೆ ಇಳಿಸಿದೆ. ಇನ್ನೂ ಬೆಳಕಿತ್ತು. ನಾನು ಕಾರು ತಿರುಗಿಸುವಾಗ ಕನ್ನಡಿಯಲ್ಲಿ ಕಂಡ. ಗೇಟಿಗೆ ಒರಗಿ ನಿಂತು, ಎರಡೂ ಜೇಬಿಗೆ ಕೈ ಹಾಕಿ, ಉಳಿದ ಮಿಠಾಯಿಗಳನ್ನೆಲ್ಲ ತೆಗೆದು ಅಂಗೈಯಲ್ಲಿ ಹರಡಿದ. ತುಟಿ ಅಲುಗುತ್ತಿತ್ತು. ಆಮೇಲೆ ಐದನ್ನೂ ಒಂದೊಂದಾಗಿ ಎಡಗಡೆ ಜೇಬಿಗೆ ಹಾಕಿಕೊಂಡು, ಜೇಬನ್ನು ಮೇಲಿಂದ ಒಮ್ಮೆ ತಟ್ಟಿ ನೋಡಿ, ಒಳಗೆ ಹೋದ.